ಸಮುದ್ರ ಸೇರುವ ನೀರಿನ ಕೆಲಸ

ಪಶ್ಚಿಮಕ್ಕೆ ಹರಿಯುವ ನದಿಗಳ ನೀರು ವರ್ಷವರ್ಷವೂ ಸಮುದ್ರ ಸೇರಿ ವ್ಯರ್ಥವಾಗುತ್ತಿದೆ ಎಂಬ ಮಾತು ಕರ್ನಾಟಕದಲ್ಲಿ ದಶಕಗಳಿಂದ ಕೇಳಿಬರುತ್ತಿದ್ದು, ಸಭೆ ಸಮಾರಂಭಗಳ ಭಾಷಣದಿಂದ ಹಿಡಿದು ಊರಕಟ್ಟೆಯ ಮಾತುಕತೆಯವರೆಗೆ ಅದನ್ನು ತಡೆದು ಪ್ರಶ್ನಿಸುವವರು ವಿರಳ. ನೇತ್ರಾವತಿಯ ಉಪನದಿಗಳಿಂದ ಸುಮಾರು 24 ಟಿಎಂಸಿ ನೀರನ್ನು ಪೂರ್ವಕ್ಕೆ ಒಯ್ಯುವ ಎತ್ತಿನಹೊಳೆ ಯೋಜನೆಯ ಸಮರ್ಥನೆಯಲ್ಲಿಯೂ, ಬೇಡ್ತಿ ಮತ್ತು ವರದಾ ನದಿಗಳನ್ನು ಜೋಡಿಸುವ ಪ್ರಸ್ತಾವದ ಸಮರ್ಥನೆಯಲ್ಲಿಯೂ ಈ ಮಾತು ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಬಯಲುಸೀಮೆಯ ನೀರಿನ ಬವಣೆ ನಿಜವಾದದ್ದು. ಅದನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ಆ ಬವಣೆಗೆ ಪರಿಹಾರ ಹುಡುಕುವಾಗ ಬಳಸುವ 'ವ್ಯರ್ಥ' ಎಂಬ ಪದ ಮಾತ್ರ ವಾಸ್ತವಕ್ಕೆ ದೂರವಾದದ್ದು. ಅಳಿವೆಯನ್ನು, ಅಂದರೆ ನದಿ ಕಡಲನ್ನು ಕೂಡುವ ಬಾಯನ್ನು ತಲುಪುವ ಸಿಹಿನೀರು ಅಲ್ಲಿ ಸುಮ್ಮನೆ ಕರಗಿಹೋಗುವುದಿಲ್ಲ. ಸಮುದ್ರವನ್ನು ಅದರ ಎಲ್ಲೆಯಲ್ಲಿ ಹಿಡಿದು ನಿಲ್ಲಿಸುವ ಕೆಲಸವನ್ನು ಅದು ಹಗಲಿರುಳೂ ಮಾಡುತ್ತಿರುತ್ತದೆ. ಆ ಕೆಲಸ ನಿಂತರೆ ಏನಾಗುತ್ತದೆ ಎಂಬುದನ್ನು ನದಿಯಲ್ಲಿ, ಬಾವಿಯಲ್ಲಿ ಮತ್ತು ಗದ್ದೆಯಲ್ಲಿ ಬೇರೆ ಬೇರೆಯಾಗಿ ನೋಡಬೇಕಾಗುತ್ತದೆ.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸರಾಸರಿ 35 ಗ್ರಾಂ ಲವಣಗಳು ಕರಗಿರುತ್ತವೆ. ಇವುಗಳಲ್ಲಿ ಬಹುಪಾಲು ಅಡುಗೆ ಉಪ್ಪಿನ ಘಟಕಗಳಾದ ಸೋಡಿಯಂ ಮತ್ತು ಕ್ಲೋರೈಡ್. ಉಳಿದದ್ದು ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ ಮೊದಲಾದವು. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಒಟ್ಟು ಲವಣಾಂಶ ಲೀಟರಿಗೆ 500 ಮಿಲಿಗ್ರಾಂ, ಅಂದರೆ ಅರ್ಧ ಗ್ರಾಂ ಮೀರದಿದ್ದರೆ ಒಳ್ಳೆಯದು. ಬೇರೆ ಮೂಲವೇ ಇಲ್ಲದಿದ್ದಾಗ 2,000 ಮಿಲಿಗ್ರಾಂವರೆಗೆ ಸಹಿಸಿಕೊಳ್ಳಬಹುದು. ಸಮುದ್ರದ 35 ಗ್ರಾಂಗೂ ಕುಡಿಯುವ ನೀರಿನ ಅರ್ಧ ಗ್ರಾಂಗೂ ನಡುವಿನ ಅಂತರವನ್ನು ಒಂದು ಕೊಡದ ಲೆಕ್ಕದಲ್ಲಿ ಕಾಣಬಹುದು: 15 ಲೀಟರ್ ಹಿಡಿಯುವ ಕೊಡದ ತುಂಬ ಉಪ್ಪಿನ ಅಂಶವೇ ಇಲ್ಲದ ಶುದ್ಧ ನೀರಿದ್ದರೂ, ಅದಕ್ಕೆ ಕಾಲು ಲೀಟರ್ ಸಮುದ್ರದ ನೀರು ಬೆರೆತರೆ ಸಾಕು, ಇಡೀ ಕೊಡದ ನೀರು ಆ ಮೊದಲ ಮಿತಿಯನ್ನು ದಾಟುತ್ತದೆ. ನಿಜವಾದ ಹೊಳೆ ಮತ್ತು ಬಾವಿಯ ನೀರಿನಲ್ಲಿ ಮೊದಲೇ ಒಂದಷ್ಟು ಲವಣ ಇರುವುದರಿಂದ ಅಷ್ಟೂ ಬೇಕಾಗುವುದಿಲ್ಲ. ಕೆಡಿಸಲು ಚೊಂಬಿನಷ್ಟು ಸಾಕಾದರೆ, ಕೆಟ್ಟದ್ದನ್ನು ತೊಳೆದು ಸರಿಪಡಿಸಲು ಅದರ ಎಪ್ಪತ್ತು ಪಟ್ಟು ಸಿಹಿನೀರು ಬೇಕು.

ಉಪ್ಪುನೀರು ಸಿಹಿನೀರಿಗಿಂತ ಸುಮಾರು ನೂರಕ್ಕೆ ಎರಡೂವರೆ ಪಾಲು ಹೆಚ್ಚು ಭಾರ. ನೋಡಲು ಅಲ್ಪವೆನಿಸುವ ಈ ವ್ಯತ್ಯಾಸವೇ ಕರಾವಳಿಯ ನೀರಿನ ಬದುಕನ್ನೆಲ್ಲ ನಿರ್ಧರಿಸುತ್ತದೆ. ನದಿ ತುಂಬಿ ಹರಿಯುವ ಜುಲೈ ತಿಂಗಳಲ್ಲಿ ಸಿಹಿನೀರು ಕಡಲೊಳಗೇ ದೂರದವರೆಗೆ ಚಾಚಿಕೊಂಡಿದ್ದರೆ, ಹರಿವು ಸೊರಗುವ ಬೇಸಿಗೆಯಲ್ಲಿ ಭಾರವಾದ ಕಡಲ ನೀರು ಪ್ರತಿ ಉಬ್ಬರದೊಂದಿಗೆ ನದಿಯ ತಳಕ್ಕೆ ಅಂಟಿಕೊಂಡು, ಮೇಲ್ಪದರದ ಸಿಹಿನೀರಿನ ಅಡಿಯಿಂದ ಒಳನಾಡಿನ ಕಡೆಗೆ ನುಸುಳುತ್ತದೆ. ಮರ ಸೀಳಲು ಬಡಿಯುವ ಬೆಣೆಯಂತೆ ಮುಂಭಾಗದಲ್ಲಿ ತೆಳ್ಳಗೂ ಹಿಂಭಾಗದಲ್ಲಿ ದಪ್ಪಗೂ ಇರುವ ಈ ಪದರವನ್ನು ಜಲವಿಜ್ಞಾನದಲ್ಲಿ ಲವಣದ ಬೆಣೆ ಎಂದೇ ಕರೆಯುತ್ತಾರೆ. ದಡದಲ್ಲಿ ನಿಂತು ಬೊಗಸೆಯಲ್ಲಿ ಎತ್ತಿ ಬಾಯಿಗಿಟ್ಟರೆ ನೀರು ಸಿಹಿಯಾಗಿಯೇ ಇರಬಹುದು, ಆದರೆ ಅದೇ ಜಾಗದ ತಳದಿಂದ ಎಳೆಯುವ ಪಂಪು ತೋಟಕ್ಕೆ ಉಪ್ಪನ್ನು ಹಾಯಿಸುತ್ತಿರಬಹುದು. ಮರಳು ತೆಗೆದು ತೆಗೆದು ನದಿಯ ಪಾತ್ರ ಆಳವಾದಷ್ಟೂ ಈ ಬೆಣೆಗೆ ದಾರಿ ಸಲೀಸಾಗುತ್ತದೆ ಎಂಬುದನ್ನು ಮರಳು ಗಣಿಗಾರಿಕೆಯ ಚರ್ಚೆಯಲ್ಲಿ ಇನ್ನೂ ಗಟ್ಟಿಯಾಗಿ ಹೇಳಬೇಕಾದ ಅಗತ್ಯವಿದೆ.

ಹೀಗೆ ನುಸುಳುವ ಉಪ್ಪುನೀರಿಗೆ ಕರಾವಳಿ ಕರ್ನಾಟಕ ಕಂಡುಕೊಂಡ ಉತ್ತರ ಕಿಂಡಿ ಅಣೆಕಟ್ಟು. ಹೊಳೆಗೆ ಅಡ್ಡಲಾಗಿ ಸಾಲುಗಂಬಗಳನ್ನು ನಿಲ್ಲಿಸಿ, ನಡುವಿನ ಕಿಂಡಿಗಳಿಗೆ ಮಳೆಗಾಲ ಮುಗಿದ ಮೇಲೆ ಎರಡು ಸಾಲು ಹಲಗೆ ಇಳಿಸಿ, ಅವುಗಳ ಮಧ್ಯೆ ಮಣ್ಣು ತುಂಬಿ ನೀರು ನಿಲ್ಲಿಸುವುದು, ಮುಂಗಾರಿಗೆ ಮುನ್ನ ಹಲಗೆಗಳನ್ನು ಎತ್ತಿ ಹೊಳೆಯನ್ನು ಅದರ ಪಾಡಿಗೆ ಬಿಡುವುದು ಇದರ ಕ್ರಮ. ಈಚಿನ ದೊಡ್ಡ ಅಣೆಕಟ್ಟುಗಳಲ್ಲಿ ಹಲಗೆಯ ಬದಲು ಉಕ್ಕಿನ ಗೇಟುಗಳು ಬಂದಿವೆ. ಮಂಗಳೂರಿಗೆ ಕುಡಿಯುವ ನೀರು ಕೊಡುವ, ಬಂಟ್ವಾಳ ತಾಲೂಕಿನ ತುಂಬೆಯ ಅಣೆಕಟ್ಟು ಕೂಡ ಈ ಜಾತಿಯದೇ. ಮೇಲುಗಡೆ ಸಿಹಿನೀರನ್ನು ಕೂಡಿಡುವುದರ ಜೊತೆಗೆ ಕೆಳಗಡೆಯಿಂದ ಏರುವ ಉಪ್ಪುನೀರಿಗೆ ತಡೆಯೊಡ್ಡುವ ಇಂಥ ಕಟ್ಟೆಗಳಿಂದ ಸುತ್ತಲಿನ ಬಾವಿಗಳ ಮಟ್ಟವೂ ಏರುತ್ತದೆ. ಆದರೂ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಈ ಸೀಮೆಯಲ್ಲಿ, 2019ರಲ್ಲಿಯೂ 2023ರಲ್ಲಿಯೂ ಬೇಸಿಗೆಯ ಕೊನೆಗೆ ತುಂಬೆಯ ನೀರು ತಳ ಕಂಡು ಮಂಗಳೂರಿನಲ್ಲಿ ದಿನ ಬಿಟ್ಟು ದಿನ ನೀರು ಹಂಚುವ ಸ್ಥಿತಿ ಬಂದಿತ್ತು. 'ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ' ಎಂಬ ಗಾದೆ ಹುಟ್ಟಿದ ನಾಡಿನಲ್ಲಿ ಬಡತನ ಬಂದಿರುವುದು ಸಿಹಿನೀರಿಗೆ.

ಬಾವಿಯ ಕಥೆ ಕಣ್ಣಿಗೆ ಕಾಣದ್ದಾದ್ದರಿಂದ ಇನ್ನೂ ಸೂಕ್ಷ್ಮ. ಕಡಲತೀರದ ನೆಲದಡಿಯಲ್ಲಿ ಮಳೆಯಿಂದ ಇಂಗಿದ ಸಿಹಿನೀರು, ಕಡಲ ಕಡೆಯಿಂದ ಒಳಹೊಕ್ಕ ಉಪ್ಪುನೀರಿನ ಮೇಲೆ ತೇಲುತ್ತ ನಿಂತಿರುತ್ತದೆ. ನೆದರ್ಲೆಂಡಿನ ಬಾಡೊನ್ ಗೈಬೆನ್ ಮತ್ತು ಜರ್ಮನಿಯ ಹರ್ಜ್‌ಬರ್ಗ್ ಎಂಬಿಬ್ಬರು ಹತ್ತೊಂಬತ್ತನೇ ಶತಮಾನದ ಕೊನೆ ಹಾಗೂ ಇಪ್ಪತ್ತನೆಯದರ ಆರಂಭದಲ್ಲಿ ಬೇರೆ ಬೇರೆಯಾಗಿ ಕಂಡುಕೊಂಡ ನಿಯಮದ ಪ್ರಕಾರ, ಅಂತರ್ಜಲದ ಮಟ್ಟ ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಎತ್ತರದಲ್ಲಿದ್ದರೆ ಸಮುದ್ರಮಟ್ಟದ ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರಿರುತ್ತದೆ. ಕೇಳಲು ವರದಂತಿರುವ ಈ ನಿಯಮವನ್ನು ತಿರುಗಿಸಿ ಓದಿದಾಗ ಅದರ ಅಪಾಯ ತಿಳಿಯುತ್ತದೆ: ಬೋರ್‌ವೆಲ್‌ಗಳು ನೀರು ಸೆಳೆದು ಅಂತರ್ಜಲವನ್ನು ಅರ್ಧ ಮೀಟರ್ ಇಳಿಸಿದರೆ, ಕೆಳಗಿನ ಉಪ್ಪುನೀರು ಕಾಲಕ್ರಮದಲ್ಲಿ 20 ಮೀಟರ್ ಮೇಲಕ್ಕೇರುತ್ತದೆ. ನೀರು ಸಿಗಲಿಲ್ಲವೆಂದು ಇನ್ನಷ್ಟು ಆಳ ಕೊರೆಯುವುದು ಒಳನಾಡಿನಲ್ಲಿ ಹಣದ ಪ್ರಶ್ನೆಯಾದರೆ, ಕಡಲತೀರದಲ್ಲಿ ಅದು ಉಪ್ಪಿನ ಬಳಿಗೆ ತಾನಾಗಿ ಹೋದಂತೆ.

ಚೆನ್ನೈನ ಉತ್ತರಕ್ಕಿರುವ ಮಿಂಜೂರು ಪ್ರದೇಶ ಇದಕ್ಕೆ ದೇಶದಲ್ಲಿಯೇ ಹೆಚ್ಚು ಅಧ್ಯಯನಕ್ಕೊಳಗಾದ ಉದಾಹರಣೆಗಳಲ್ಲೊಂದು. ನಗರಕ್ಕೂ ಕೈಗಾರಿಕೆಗೂ ಕೃಷಿಗೂ ಎಡೆಬಿಡದೆ ನೀರೆತ್ತಿದ ಪರಿಣಾಮವಾಗಿ 1960ರ ದಶಕದ ಕೊನೆಯ ವೇಳೆಗೇ ಅಲ್ಲಿನ ಬಾವಿಗಳಲ್ಲಿ ಉಪ್ಪು ಕಾಣಿಸಿಕೊಂಡಿತು. ಮುಂದಿನ ದಶಕಗಳಲ್ಲಿ ಅದು ಹಲವು ಕಿಲೋಮೀಟರ್ ಒಳಕ್ಕೆ ಸರಿಯಿತು. ಅದೇ ಮಿಂಜೂರಿನ ಸಮೀಪದ ಕಾಟ್ಟುಪಳ್ಳಿಯಲ್ಲಿ 2010ರಲ್ಲಿ, ಸಮುದ್ರದ ನೀರಿನಿಂದ ದಿನಕ್ಕೆ 10 ಕೋಟಿ ಲೀಟರ್ ಸಿಹಿನೀರು ತೆಗೆಯುವ ಸ್ಥಾವರ ಆರಂಭವಾಯಿತು. ಅತಿ ಸಣ್ಣ ರಂಧ್ರಗಳ ಪೊರೆಯ ಮೂಲಕ ಭಾರಿ ಒತ್ತಡದಲ್ಲಿ ನೀರನ್ನು ನೂಕಿ ಉಪ್ಪನ್ನು ಹಿಂದುಳಿಸುವ ಈ ವಿಧಾನಕ್ಕೆ ಸಾವಿರ ಲೀಟರಿಗೆ ಸಾಮಾನ್ಯವಾಗಿ ಮೂರರಿಂದ ನಾಲ್ಕು ಯೂನಿಟ್ ವಿದ್ಯುತ್ ಬೇಕು. ಈ ಲೆಕ್ಕದಲ್ಲಿ 10 ಕೋಟಿ ಲೀಟರಿಗೆ ದಿನವೊಂದಕ್ಕೆ ಮೂರು ನಾಲ್ಕು ಲಕ್ಷ ಯೂನಿಟ್. ಮೇಲಾಗಿ, ಹಿಂದುಳಿದ ಗಾಢವಾದ ಉಪ್ಪುನೀರು ಮತ್ತೆ ಕಡಲಿಗೇ ಹೋಗಬೇಕು. ಮಳೆ ಮತ್ತು ಮಣ್ಣು ಬಿಡಿಗಾಸಿಲ್ಲದೆ ಮಾಡುತ್ತಿದ್ದ ಕೆಲಸವನ್ನು ಯಂತ್ರದಿಂದ ಮಾಡಿಸುವ ಬೆಲೆ ಇದು. ಬೇರೆ ದಾರಿಯೇ ಇಲ್ಲದ ಮಹಾನಗರಕ್ಕೆ ಇದು ಅನಿವಾರ್ಯವಾಗಬಹುದಾದರೂ ದಾರಿಗಳನ್ನು ಇನ್ನೂ ಉಳಿಸಿಕೊಂಡಿರುವ ಊರುಗಳಿಗೆ ಮೊದಲ ಆಯ್ಕೆಯಾಗಬಾರದು.

ಗದ್ದೆಯ ಮಾತಿಗೆ ಬಂದರೆ, ಉಪ್ಪು ಗಿಡವನ್ನು ಎರಡು ರೀತಿಯಲ್ಲಿ ಪೀಡಿಸುತ್ತದೆ. ಬೇರಿನ ಕೋಶಗಳೊಳಗಿನ ರಸ ಮಣ್ಣಿನ ನೀರಿಗಿಂತ ಗಾಢವಾಗಿದ್ದರೆ ಮಾತ್ರ ನೀರು ಒಳಕ್ಕೆ ಸರಿಯುತ್ತದೆ. ಮಣ್ಣಿನ ನೀರೇ ಉಪ್ಪಿನಿಂದ ಗಾಢವಾದಾಗ ಬುಡದಲ್ಲಿ ನೀರು ನಿಂತಿದ್ದರೂ ಪೈರು ಬಾಯಾರಿ ಬಾಡುತ್ತದೆ. ಹಾಗೂ ಹೀಗೂ ನೀರು ಹೀರಿಕೊಂಡರೆ ಅದರೊಂದಿಗೆ ಒಳಸೇರಿದ ಸೋಡಿಯಂ ಎಲೆಗಳಲ್ಲಿ ಶೇಖರಗೊಂಡು, ತುದಿಯಿಂದ ಸುಟ್ಟಂತೆ ಒಣಗಿಸುತ್ತದೆ. ಮಣ್ಣಿನ ಉಪ್ಪನ್ನು ಅಳೆಯಲು ವಿಜ್ಞಾನಿಗಳು ವಿದ್ಯುತ್ ವಾಹಕತೆಯನ್ನು ಬಳಸುತ್ತಾರೆ, ಏಕೆಂದರೆ ನೀರಿನಲ್ಲಿ ಲವಣ ಹೆಚ್ಚಿದಷ್ಟೂ ಅದರ ಮೂಲಕ ವಿದ್ಯುತ್ ಸರಾಗವಾಗಿ ಹರಿಯುತ್ತದೆ. ಮೀಟರಿಗೆ ನಾಲ್ಕು ಡೆಸಿಸೀಮನ್ಸ್ ಎಂಬ ಅಳತೆ ಮೀರಿದ ಮಣ್ಣನ್ನು ಲವಣ ಮಣ್ಣು ಎನ್ನುವುದು ರೂಢಿ. ಸಾಮಾನ್ಯ ಭತ್ತದ ತಳಿಗಳ ಇಳುವರಿ ಮೂರನ್ನು ದಾಟುತ್ತಲೇ ಕುಸಿಯತೊಡಗುತ್ತದೆ. ಬೀಜ ಮೊಳೆಯುವಾಗ ಭತ್ತ ಉಪ್ಪನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆಯಾದರೂ ಎಳೆಯ ಸಸಿಯಾಗಿದ್ದಾಗ ಮತ್ತು ಹೂ ಬಿಡುವಾಗ ಬಹಳ ಬೇಗ ಸೋಲುತ್ತದೆ.

ಈ ಎಲ್ಲ ಮಿತಿಗಳನ್ನು ಅರಿತು ಕಟ್ಟಿದಂತಿರುವ ಒಂದು ಕೃಷಿಪದ್ಧತಿ ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಅಳಿವೆಯಲ್ಲಿದೆ. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕುಮಟಾ ಮತ್ತು ಗೋಕರ್ಣಗಳ ನಡುವೆ ಅರಬ್ಬೀ ಸಮುದ್ರ ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಬಿದ್ದಿಲ್ಲ. ಪಶ್ಚಿಮಘಟ್ಟದ ನದಿಗಳಲ್ಲಿ ಇದು ಅಪರೂಪದ ಭಾಗ್ಯ. ಹೀಗಾಗಿ ಇಲ್ಲಿನ ಅಳಿವೆ ಮಳೆಗಾಲದಲ್ಲಿ ಬಹುಪಾಲು ಸಿಹಿಯಾಗಿ, ಏಪ್ರಿಲ್, ಮೇ ತಿಂಗಳುಗಳಲ್ಲಿ ಬಹುತೇಕ ಸಮುದ್ರದಷ್ಟೇ ಉಪ್ಪಾಗಿ, ಋತುಗಳ ಏರಿಳಿತವನ್ನು ಇಂದಿಗೂ ಪೂರ್ಣವಾಗಿ ಅನುಭವಿಸುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಕೆಸರಿನಲ್ಲಿ ಬಾಳುವ ಬಳಚು ಮುಂತಾದ ಚಿಪ್ಪಿನ ಜೀವಿಗಳು, ಮರಿಯಾಗಿ ಒಳಬಂದು ಬಲಿತು ಕಡಲಿಗೆ ಮರಳುವ ಸಿಗಡಿ, ಇವೆಲ್ಲ ಈ ಏರಿಳಿತವನ್ನೇ ನಂಬಿ ಬದುಕಿವೆ. 2024ರ ಜನವರಿಯಲ್ಲಿ ಈ ಅಳಿವೆಯನ್ನು ರಾಮ್ಸಾರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು ಘೋಷಿಸಲಾಯಿತು.

ಅಳಿವೆಯ ಅಂಚಿನಲ್ಲಿ, ಉಬ್ಬರದ ನೀರು ಹರಡಿಕೊಳ್ಳುವ ತಗ್ಗಿನ ಬಯಲುಗಳಿಗೆ ಗಜನಿ ಎಂದು ಹೆಸರು. ನದಿಯ ಕಡೆಗೆ ಒಡ್ಡು ಹಾಕಿ, ಒಡ್ಡಿನ ನಡುನಡುವೆ ಹಲಗೆ ಇಳಿಸಿ ಎತ್ತಬಹುದಾದ ಬಾಗಿಲುಗಳನ್ನಿಟ್ಟು ಈ ಬಯಲುಗಳನ್ನು ಸಾಗುವಳಿಗೆ ತರಲಾಗಿದೆ. ಜೂನ್ ತಿಂಗಳಲ್ಲಿ ಮೊದಲ ಮಳೆಗಳು ಬಿದ್ದಾಗ ಉಬ್ಬರದ ಹೊತ್ತಿಗೆ ಬಾಗಿಲು ಮುಚ್ಚಿ, ಇಳಿತದ ಹೊತ್ತಿಗೆ ತೆರೆದು, ಗದ್ದೆಯಲ್ಲಿ ನಿಂತ ಮಳೆನೀರನ್ನು ಮತ್ತೆ ಮತ್ತೆ ಹೊರಬಿಡುತ್ತ ಹೋದಂತೆ ಮಣ್ಣಿನ ಮೇಲ್ಪದರದ ಉಪ್ಪು ಕರಗಿ ಹೊರಟುಹೋಗುತ್ತದೆ. ಆಗ ಬಿತ್ತುವುದು ಕಗ್ಗ ಎಂಬ ನಾಡತಳಿಯ ಭತ್ತ. ಅದನ್ನೂ ನೆನೆಸಿ, ಮೊಳಕೆ ಬರಿಸಿಯೇ ಕೆಸರಿನ ಮೇಲೆ ಎರಚುತ್ತಾರೆ. ಮಳೆ ನಾಲ್ಕು ದಿನ ಬಿಡುವು ಕೊಟ್ಟರೆ ಕೆಳಗಿನ ಉಪ್ಪು ಮೇಲಕ್ಕೆ ಏರುವ ಭಯವಿರುವುದರಿಂದ, ಅಷ್ಟರೊಳಗೆ ಬೇರು ನೆಲ ಹಿಡಿದಿರಬೇಕು ಎಂಬುದು ಇದರ ಹಿಂದಿನ ತಿಳಿವಳಿಕೆ. ಎತ್ತರವಾಗಿ ಬೆಳೆಯುವ ಕಗ್ಗ ನೆರೆಯ ನೀರಿನಲ್ಲಿ ಕೆಲವು ದಿನ ಮುಳುಗಿದ್ದರೂ ಚೇತರಿಸಿಕೊಳ್ಳುತ್ತದೆ, ತುಸು ಉಪ್ಪನ್ನೂ ಸಹಿಸುತ್ತದೆ. ಹೊಳೆ ತಂದು ಹಾಕುವ ಮೆಕ್ಕಲು ಮಣ್ಣೇ ಅದಕ್ಕೆ ಗೊಬ್ಬರ. ಇದರ ಅಕ್ಕಿ ಕೆಂಪು, ಇಳುವರಿ ಕಡಿಮೆ. ಮೊಳಕೆ ಎರಚಿದ ಮೇಲೆ ಕೊಯ್ಲಿನವರೆಗೆ ರೈತ ಮಾಡುವ ಖರ್ಚೂ ಅಷ್ಟೇ ಕಡಿಮೆ.

ಕೊಯ್ಲು ಮುಗಿದ ಮೇಲೆ ಅದೇ ಬಾಗಿಲು ಅದೇ ಉಪ್ಪುನೀರಿಗೆ ತೆರೆದುಕೊಳ್ಳುತ್ತದೆ. ಉಬ್ಬರದ ಜೊತೆಗೆ ಮೀನು, ಏಡಿ, ಸ್ಥಳೀಯರು ಶೆಟ್ಲಿ ಎನ್ನುವ ಸಿಗಡಿ ಒಳಸೇರಿ, ಗದ್ದೆಯಲ್ಲಿ ಕೊಳೆಯುತ್ತಿರುವ ಕೂಳೆಯ ಸುತ್ತ ಹುಟ್ಟುವ ಸೂಕ್ಷ್ಮಜೀವಿಗಳನ್ನು ತಿಂದು ಬೆಳೆಯುತ್ತವೆ. ಅವು ಬಿಟ್ಟುಹೋದದ್ದು ಮುಂದಿನ ಭತ್ತಕ್ಕೆ ಸಾರವಾಗುತ್ತದೆ. ಅನತಿ ದೂರದ ಸಾಣಿಕಟ್ಟಾದಲ್ಲಿ ಅದೇ ಬೇಸಿಗೆಯ ಬಿಸಿಲಿಗೆ ಅದೇ ನೀರನ್ನು ಹರಡಿ ಉಪ್ಪು ತೆಗೆಯುತ್ತಾರೆ. ಹೀಗೆ ಒಂದೇ ಅಳಿವೆಯ ನೀರು ಆರು ತಿಂಗಳು ಅನ್ನಕ್ಕೂ ಇನ್ನಾರು ತಿಂಗಳು ಮೀನಿಗೂ ಉಪ್ಪಿಗೂ ಆಧಾರವಾಗಿರುವುದನ್ನು ನೋಡಿದರೆ, ಉಪ್ಪನ್ನು ಶತ್ರುವೆಂದು ಬಗೆಯದೆ ಅದಕ್ಕೊಂದು ಕಾಲ ಗೊತ್ತುಮಾಡಿದ ಜನರ ವಿವೇಕಕ್ಕೆ ತಲೆಬಾಗಲೇಬೇಕು. ಕೇರಳದ ಪೊಕ್ಕಾಳಿ, ಗೋವಾದ ಖಾಜಾನ್ ಗದ್ದೆಗಳು ಕೂಡ ಇದೇ ಕುಲದವು.

ಈ ಪದ್ಧತಿಯ ಜೀವವಿರುವುದು ಬಾಗಿಲಿನಲ್ಲಿ. ಯಾವ ದಿನ ಮುಚ್ಚಬೇಕು, ಯಾವ ದಿನ ತೆರೆಯಬೇಕು, ಏಡಿ ಬಿಲ ತೋಡಿದ ಒಡ್ಡನ್ನು ಯಾರು ಮೆತ್ತಬೇಕು ಎಂಬುದೆಲ್ಲ ಗಜನಿಯ ರೈತರು ಒಟ್ಟಾಗಿ ತೀರ್ಮಾನಿಸಬೇಕಾದ ಸಂಗತಿಗಳು, ಏಕೆಂದರೆ ಒಂದು ಬಾಗಿಲು ತಪ್ಪಿದರೆ ಉಪ್ಪು ನುಗ್ಗುವುದು ಒಬ್ಬರ ಗದ್ದೆಗಲ್ಲ, ಇಡೀ ಬಯಲಿಗೆ. ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ, ಉಪ್ಪುನೀರು ತಡೆಯುವ ಸರ್ಕಾರದ ಖಾರ್‌ಲ್ಯಾಂಡ್ ಯೋಜನೆಯಡಿ ಮಣ್ಣಿನ ಒಡ್ಡುಗಳ ಜಾಗದಲ್ಲಿ ಕಲ್ಲಿನ ಒಡ್ಡುಗಳು ಬಂದವು. ಅನಂತರ ಸಿಗಡಿಗೆ ಹೊರದೇಶಗಳಲ್ಲಿ ಬೆಲೆ ಏರಿದಾಗ ಅನೇಕ ಗಜನಿಗಳಲ್ಲಿ ವರ್ಷವಿಡೀ ಉಪ್ಪುನೀರು ನಿಲ್ಲಿಸುವ ಸಿಗಡಿ ಕೆರೆಗಳು ಬಂದು ಭತ್ತ ಹಿಂದೆ ಸರಿಯಿತು. 1990ರ ದಶಕದ ಮಧ್ಯಭಾಗದಲ್ಲಿ ಬಿಳಿಚುಕ್ಕೆ ರೋಗ ಭಾರತದ ಸಿಗಡಿ ಕೃಷಿಯನ್ನು ತತ್ತರಿಸುವಂತೆ ಮಾಡಿತು; 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಸಾಂಪ್ರದಾಯಿಕ ಪದ್ಧತಿಗಳನ್ನು ಬಿಟ್ಟು ಉಳಿದ ಸಿಗಡಿ ಕೃಷಿಯನ್ನು ಕರಾವಳಿ ನಿಯಂತ್ರಣ ವಲಯದಲ್ಲಿ ನಿಷೇಧಿಸುವ ತೀರ್ಪು ನೀಡಿತು. ಅಷ್ಟರೊಳಗೆ ಎಷ್ಟೋ ಬಯಲುಗಳಲ್ಲಿ ಕಗ್ಗದ ಬೀಜವೇ ತಪ್ಪಿಹೋಗಿತ್ತು. ವರ್ಷವರ್ಷ ಬಿತ್ತಿ ಉಳಿಸಿಕೊಳ್ಳಬೇಕಾದ ಬೀಜ ಅದು, ಕಣಜದಲ್ಲಿಟ್ಟು ಮರೆತರೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಕುಮಟಾದ ಮಾಣಿಕಟ್ಟಾ ಸುತ್ತಲಿನ ರೈತರು ಕಗ್ಗವನ್ನು ಈಗಲೂ ಬಿತ್ತುತ್ತ ಬಂದಿರುವುದರಿಂದಲೇ ತಳಿ ಉಳಿದಿದೆ.

ಬಾಗಿಲನ್ನು ಕಾಲಕ್ಕೆ ತಕ್ಕಂತೆ ತೆರೆದು ಮುಚ್ಚುವುದಕ್ಕೂ ಸಮುದ್ರವನ್ನು ತಿಂಗಳುಗಟ್ಟಲೆ ಹೊರಗಟ್ಟುವುದಕ್ಕೂ ಇರುವ ವ್ಯತ್ಯಾಸವನ್ನು ಕೇರಳದ ಕುಟ್ಟನಾಡು ಕಲಿಸಿದೆ. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಅಲ್ಲಿನ ಗದ್ದೆಗಳನ್ನು ಉಪ್ಪಿನಿಂದ ಕಾಯಲು 1970ರ ದಶಕದಲ್ಲಿ ವೇಂಬನಾಡು ಹಿನ್ನೀರಿಗೆ ಅಡ್ಡಲಾಗಿ ತಣ್ಣೀರ್‌ಮುಕ್ಕಂ ಒಡ್ಡನ್ನು ನಿರ್ಮಿಸಿ, ಬೇಸಿಗೆಯ ತಿಂಗಳುಗಳಲ್ಲಿ ಅದರ ಬಾಗಿಲು ಮುಚ್ಚಲಾಯಿತು. ಎರಡನೇ ಬೆಳೆ ಬಂತು, ನಿಜ. ಆದರೆ ಉಪ್ಪುನೀರಿನ ಹೋಗಿಬರುವಿಕೆ ನಿಂತ ಕಡೆ ಸಿಗಡಿ, ಚಿಪ್ಪಿನ ಜೀವಿಗಳು ಕ್ಷೀಣಿಸಿದವು, ಉಪ್ಪು ತಗುಲಿದರೆ ಸಾಯುತ್ತಿದ್ದ ಅಂತರಗಂಗೆಯಂಥ ಕಳೆ ಹಾಸಿಕೊಂಡಿತು, ಗದ್ದೆಯ ರಾಸಾಯನಿಕಗಳು ತೊಳೆದುಹೋಗದೆ ನಿಂತ ನೀರಿನಲ್ಲಿಯೇ ಉಳಿದವು. ಬಾಗಿಲು ಎಂದು ತೆರೆಯಬೇಕೆಂಬುದು ಅಲ್ಲಿ ರೈತರಿಗೂ ಮೀನುಗಾರರಿಗೂ ನಡುವಿನ ತೀರದ ವಿವಾದ.

ಕಡಲಿನಿಂದ ನೂರಾರು ಕಿಲೋಮೀಟರ್ ದೂರದ ನೆಲವೂ ಉಪ್ಪಿನಿಂದ ಕೆಡುತ್ತದೆ ಎಂಬುದನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ದೇಶದಲ್ಲಿ ಲವಣ ಮತ್ತು ಕ್ಷಾರದಿಂದ ಬಾಧಿತವಾದ ಭೂಮಿ ಸುಮಾರು 67 ಲಕ್ಷ ಹೆಕ್ಟೇರ್ ಎಂದು ಅಂದಾಜಿಸಲಾಗಿದ್ದು, ಇದರಲ್ಲಿ ದೊಡ್ಡ ಪಾಲು ಒಳನಾಡಿನದು. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟೆಯ ಕಾಲುವೆಗಳನ್ನು ಯೋಜಿಸಿದ್ದು ಹೆಚ್ಚಾಗಿ ಕಡಿಮೆ ನೀರು ಬೇಡುವ ಬೆಳೆಗಳಿಗೆ. ಆದರೆ ಗಂಗಾವತಿ, ಸಿಂಧನೂರು ಭಾಗದ ಕಪ್ಪುಮಣ್ಣಿನಲ್ಲಿ ಭತ್ತ ಹಬ್ಬಿತು. ನದಿಯ ಸಿಹಿನೀರಿನಲ್ಲಿಯೂ ಲೀಟರಿಗೆ 300 ಮಿಲಿಗ್ರಾಂ ಲವಣವಿದೆ ಎಂದಿಟ್ಟುಕೊಂಡರೆ, ಒಂದು ಹೆಕ್ಟೇರಿಗೆ ಒಂದು ಬೆಳೆಗೆ ಒಂದು ಮೀಟರ್ ಎತ್ತರದಷ್ಟು ನೀರು ಹಾಯಿಸಿದಾಗ ಮೂರು ಟನ್ ಲವಣ ಗದ್ದೆಗೆ ಬಂದು ಬೀಳುತ್ತದೆ. ನೀರನ್ನು ಬಿಸಿಲೂ ಬೆಳೆಯೂ ಕುಡಿದುಬಿಡುತ್ತವೆ, ಲವಣ ಉಳಿಯುತ್ತದೆ. ಹೊರಹೋಗಲು ದಾರಿಯಿಲ್ಲದೆ ಅಂತರ್ಜಲ ಬೇರಿನ ಮಟ್ಟಕ್ಕೆ ಏರಿದಾಗ ದೀಪದ ಬತ್ತಿ ಎಣ್ಣೆ ಹೀರಿದಂತೆ ಮಣ್ಣು ಉಪ್ಪುನೀರನ್ನು ಮೇಲಕ್ಕೆ ಹೀರಿಕೊಂಡು, ನೆಲದ ಮೇಲೆ ಸುಣ್ಣ ಚೆಲ್ಲಿದಂಥ ಬಿಳಿಯ ಪೊರೆ ಕಟ್ಟುತ್ತದೆ. ರೈತರು ಇದನ್ನು ಸವಳು ಎಂದೂ, ನೀರು ಬಸಿಯದೆ ಜೌಗಾದದ್ದನ್ನು ಜವಳು ಎಂದೂ ಹೇಳುತ್ತಾರೆ. ಎರಡೂ ಸಾಮಾನ್ಯವಾಗಿ ಒಟ್ಟಿಗೇ ಬರುವುದರಿಂದ ಸವಳು-ಜವಳು ಎಂಬ ಜೋಡಿಪದವೇ ರೂಢಿಯಲ್ಲಿದೆ. ಬಸಿಗಾಲುವೆ ತೋಡುವುದು, ನೆಲದೊಳಗೆ ರಂಧ್ರವಿರುವ ಕೊಳವೆ ಹೂತು ಉಪ್ಪುನೀರನ್ನು ಹೊರಗೆ ಸಾಗಿಸುವುದು, ಸೋಡಿಯಂ ಹೆಚ್ಚಾಗಿ ಗಟ್ಟಿಕಟ್ಟಿದ ಕ್ಷಾರ ಮಣ್ಣಿಗೆ ಜಿಪ್ಸಂ ಹಾಕುವುದು ಇದರ ಚಿಕಿತ್ಸೆಗಳು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಕುರಿತು ಬಹುಕಾಲದಿಂದ ಕೆಲಸ ನಡೆದಿದೆ. ಒಳನಾಡಿನ ಈ ಸವಳು ಭೂಮಿಗೂ ಅಳಿವೆಯ ಗಜನಿಗೂ ಅನ್ವಯಿಸುವ ನಿಯಮ ಒಂದೇ: ಬಂದ ನೀರಿನಲ್ಲಿ ಒಂದು ಪಾಲು ಉಪ್ಪನ್ನು ಹೊತ್ತು ಹೊರಗೆ ಹೋಗಲೇಬೇಕು. ಆ ಪಾಲನ್ನು ನಷ್ಟವೆಂದು ಲೆಕ್ಕ ಹಾಕಿದಲ್ಲೆಲ್ಲ ನೆಲ ಬಿಳಿಚಿಕೊಂಡಿದೆ.

ನದಿ ತಿರುವು ಯೋಜನೆಗಳ ಲೆಕ್ಕಪತ್ರಗಳಲ್ಲಿಯೂ ಇದೇ ಪಾಲು ಕಾಣೆಯಾಗಬಾರದು. ಮಳೆಗಾಲದ ಪ್ರವಾಹದ ನೀರನ್ನಷ್ಟೇ ಒಯ್ಯುತ್ತೇವೆ ಎಂಬ ಭರವಸೆಗೆ ತೂಕವಿದೆಯಾದರೂ, ಅಳಿವೆಯ ತಳದ ಉಪ್ಪನ್ನು ವರ್ಷಕ್ಕೊಮ್ಮೆ ಗುಡಿಸಿ ಹಾಕುವುದು, ಗಜನಿಗೆ ಮೆಕ್ಕಲು ತಂದು ಕೊಡುವುದು, ತೀರದ ಅಂತರ್ಜಲವನ್ನು ತುಂಬುವುದು ಎಲ್ಲವೂ ನಡೆಯುವುದು ಆ ಪ್ರವಾಹದಲ್ಲಿಯೇ. ಎಷ್ಟು ನೀರು ತೆಗೆದರೆ ಉಪ್ಪು ಎಷ್ಟು ದೂರ ಏರುತ್ತದೆ ಎಂಬುದನ್ನು ಅಳಿವೆಯಿಂದ ಮೇಲಕ್ಕೆ, ತಳದ ನೀರನ್ನೂ ಸೇರಿಸಿ, ವರ್ಷದ ಎಲ್ಲ ತಿಂಗಳೂ ಅಳೆದು ದಾಖಲಿಸಿದ ಮೇಲೆ ತೀರ್ಮಾನಕ್ಕೆ ಬರುವುದು ನ್ಯಾಯ.

ಅದರಲ್ಲಿಯೂ ಕಡಲು ಈಗ ನಿಂತಲ್ಲಿ ನಿಂತಿಲ್ಲ. ಜಗತ್ತಿನ ಸರಾಸರಿ ಸಮುದ್ರಮಟ್ಟ 1901ರಿಂದ 2018ರವರೆಗೆ ಸುಮಾರು 20 ಸೆಂಟಿಮೀಟರ್ ಏರಿದ್ದು, 2006ರಿಂದ 2018ರವರೆಗಿನ ಏರಿಕೆ ವರ್ಷಕ್ಕೆ 3.7 ಮಿಲಿಮೀಟರಿನಷ್ಟಿತ್ತು ಎಂದು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ ವರದಿ ಹೇಳುತ್ತದೆ. ಕೂದಲೆಳೆಯಂತೆ ಕಾಣುವ ಈ ಅಂಕಿ ಗಜನಿಯ ಬಾಗಿಲಿನಲ್ಲಿ ಬೇರೆಯೇ ಅರ್ಥ ಪಡೆಯುತ್ತದೆ. ಗದ್ದೆಯ ಮಳೆನೀರು ಹೊರಗೆ ಬಸಿಯುವುದು ಪಂಪಿನಿಂದಲ್ಲ. ಇಳಿತದಲ್ಲಿ ಹೊಳೆಯ ಮಟ್ಟ ಗದ್ದೆಯ ಮಟ್ಟಕ್ಕಿಂತ ಕೆಳಗೆ ಹೋಗುವ ಕೆಲವೇ ಗಂಟೆಗಳಲ್ಲಿ, ತಾನಾಗಿ. ಕಡಲು ಏರಿದಂತೆ ಇಳಿತವೂ ಮೊದಲಿನಷ್ಟು ಕೆಳಗೆ ಇಳಿಯುವುದಿಲ್ಲವಾದ್ದರಿಂದ ಆ ಗಂಟೆಗಳು ವರ್ಷದಿಂದ ವರ್ಷಕ್ಕೆ ನಿಮಿಷ ನಿಮಿಷವಾಗಿ ಕಿರಿದಾಗುತ್ತವೆ. ಜೂನ್ ತಿಂಗಳಲ್ಲಿ ಉಪ್ಪು ತೊಳೆಯಲು ನಾಲ್ಕು ಇಳಿತ ಸಾಕಾಗುತ್ತಿದ್ದ ಗದ್ದೆಗೆ ಮುಂದೆ ಐದೋ ಆರೋ ಬೇಕಾಗುತ್ತದೆ, ಮತ್ತು ಅಷ್ಟು ದಿನವೂ ಮೊಳಕೆ ಬರಿಸಿದ ಕಗ್ಗ ಅಂಗಳದಲ್ಲಿ ಕಾಯಬೇಕಾಗುತ್ತದೆ.